ನೋಯದ ಹುಣ್ಣನ್ನು ನಂಬಬೇಡಿ

ಸಿಫಿಲಿಸ್ ಯಾರಿಗೆ ಬರುತ್ತದೆ ಎಂದು ಕೇಳಿದರೆ ನಮ್ಮಲ್ಲಿ ಮೊದಲು ಮಾತು ಹೋಗುವುದು ನಡತೆಯ ಕಡೆಗೆ. ರೋಗಾಣುವಿಗೆ ಅದರ ಗೊಡವೆಯಿಲ್ಲ. ಟ್ರೆಪೊನೆಮಾ ಪ್ಯಾಲಿಡಮ್ ಎಂಬ ಈ ಸುರುಳಿ ಬ್ಯಾಕ್ಟೀರಿಯಾ ಸೋಂಕಿತರ ಹುಣ್ಣು ತಾಗಿದರೆ ಅಂಟಿಕೊಳ್ಳುತ್ತದೆ.

ಅಂಟಿದ ಸುಮಾರು 3 ವಾರಕ್ಕೆ, ಕೆಲವೊಮ್ಮೆ 3 ತಿಂಗಳಿಗೆ, ಅದೇ ಜಾಗದಲ್ಲಿ ಗಟ್ಟಿಯಾದ ಹುಣ್ಣೊಂದು ಏಳುತ್ತದೆ. ಸಾಮಾನ್ಯವಾಗಿ ನೋವಿರುವುದಿಲ್ಲ. ಯೋನಿಯೊಳಗೋ ಗುದದ್ವಾರದಲ್ಲೋ ಬಾಯೊಳಗೋ ಎದ್ದರೆ ಕಣ್ಣಿಗೂ ಬೀಳುವುದಿಲ್ಲ. ಮುಲಾಮು ಹಚ್ಚಿದರೂ ಬಿಟ್ಟರೂ 3ರಿಂದ 6 ವಾರದಲ್ಲಿ ತಾನಾಗಿ ಮಾಯುತ್ತದೆ. ಹೆಸರು ಮಾತ್ರ ಮುಲಾಮಿಗೆ! ರೋಗ ಒಳಗೇ ಉಳಿದಿರುತ್ತದೆ. ಮುಂದೆ ಅಂಗೈ, ಅಂಗಾಲುಗಳಲ್ಲಿ ತುರಿಕೆಯಿಲ್ಲದ ಗುಳ್ಳೆ ಬರಬಹುದು, ಅದೂ ಮರೆಯಾಗುತ್ತದೆ. ಚಿಕಿತ್ಸೆಯಿಲ್ಲದೆ ಬಿಟ್ಟರೆ ವರ್ಷಗಳ ಮೇಲೆ ಕೆಲವರ ಹೃದಯ, ಮಿದುಳಿಗೆ ಪೆಟ್ಟು ಬೀಳುತ್ತದೆ.

ಸಂಗಾತಿಗಳು ಹೆಚ್ಚಿದಷ್ಟೂ, ಕಾಂಡೋಮ್ ಬಿಟ್ಟಷ್ಟೂ ಅಪಾಯ ಹೆಚ್ಚು. ಆದರೆ ಒಬ್ಬರೇ ಸಂಗಾತಿಯಿದ್ದರೂ ಆ ಒಬ್ಬರಿಗೆ ಬೇರೆ ಸಂಬಂಧವಿದ್ದರೆ ಅಪಾಯ ಮನೆಯೊಳಗೇ ಇದೆ. ಗಂಡನಿಂದ ಸೋಂಕು ತಗುಲಿಸಿಕೊಂಡ ಹೆಂಗಸಿಗೆ ಅದರ ಸುಳಿವೂ ಇರದಿರಬಹುದು. ಕಾಂಡೋಮ್ ಮುಚ್ಚದ ಜಾಗದಲ್ಲಿ ಹುಣ್ಣಿದ್ದರೆ ಅದು ಕಾಯದು. ಬಾಯಿಯ ಮೂಲಕ ನಡೆಯುವ ಸಂಭೋಗವೂ ಸುರಕ್ಷಿತವಲ್ಲ. ಸಿಫಿಲಿಸ್ ಹುಣ್ಣು ಎಚ್‌ಐವಿಗೂ ಬಾಗಿಲು ತೆರೆಯುತ್ತದೆ. ಶೌಚಾಲಯದ ಸೀಟು, ಊಟದ ತಟ್ಟೆಯಿಂದ ಇದು ಹರಡುವುದಿಲ್ಲ.

ಒಮ್ಮೆ ವಾಸಿಯಾದರೆ ಮತ್ತೆ ಬಾರದೆಂಬ ರಕ್ಷೆಯೂ ಇಲ್ಲ. ಗಂಡ ಇಂಜೆಕ್ಷನ್ ತೆಗೆದುಕೊಂಡು, ಹೆಂಡತಿಗೆ ಹೇಳದೆ ಇದ್ದರೆ ಆಕೆಯಿಂದ ಅವನಿಗೇ ಮರಳಿ ಬರಬಹುದು. ಚಿಕಿತ್ಸೆ ಇಬ್ಬರಿಗೂ ಬೇಕು, ಅದು ಮುಗಿದು ಹುಣ್ಣು ಮಾಯುವವರೆಗೆ ಸಂಭೋಗ ಬೇಡ.

ಬಸುರಿಗೆ ಸೋಂಕಿದ್ದರೆ ಅದು ಮಾಸಿನ ಮೂಲಕ ಕೂಸಿಗೆ ದಾಟಬಹುದು. ಗರ್ಭಪಾತವಾಗಬಹುದು, ಮಗು ಸತ್ತೇ ಹುಟ್ಟಬಹುದು. ಮೊದಲ ತಪಾಸಣೆಯಲ್ಲೇ ವಿಡಿಆರ್‌ಎಲ್‌ನಂಥ ರಕ್ತ ಪರೀಕ್ಷೆ ಆಗಿದೆಯೇ ಎಂದು ಕೇಳಿ ತಿಳಿದುಕೊಳ್ಳಿ. ಸೋಂಕು ತಗುಲಿದ ಮೊದಲ ವಾರಗಳಲ್ಲಿ ಪರೀಕ್ಷೆಗೆ ಅದು ಸಿಗದಿರಬಹುದು. ಅನುಮಾನವಿದ್ದರೆ ವೈದ್ಯರು ಹೇಳಿದಾಗ ಇನ್ನೊಮ್ಮೆ ಮಾಡಿಸಬೇಕು.

ಆರಂಭದಲ್ಲೇ ಸಿಕ್ಕರೆ 24 ಲಕ್ಷ ಯೂನಿಟ್ ಬೆಂಜಥೀನ್ ಪೆನಿಸಿಲಿನ್‌ನ ಒಂದು ಡೋಸ್ ಸಾಮಾನ್ಯವಾಗಿ ಸಾಕು. ಪೆನಿಸಿಲಿನ್ ಒಗ್ಗದವರು ಮೊದಲೇ ವೈದ್ಯರಿಗೆ ಹೇಳಬೇಕು. ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಪರೀಕ್ಷೆ, ಚಿಕಿತ್ಸೆ ಉಚಿತ. ಹೋಗಲು ಸಂಕೋಚವೆನಿಸಿದರೆ ಮೊದಲು 1097 ಸಹಾಯವಾಣಿಗೆ ಕರೆ ಮಾಡಿ ವಿಚಾರಿಸಿ.