ಮನೋವೈದ್ಯರಿಗಿಂತ ಮೊದಲು ಊರು ತಲುಪಿದ ಗುಳಿಗೆ

ಮಿಶ್ರಿಕೋಟಿಯವರು ಮನೋವೈದ್ಯರನ್ನು ಕಾಣಬೇಕೆಂದರೆ ಸಾಮಾನ್ಯವಾಗಿ ಹುಬ್ಬಳ್ಳಿಯ ಕಿಮ್ಸ್‌ಗೋ ಧಾರವಾಡದ ಡಿಮ್ಹಾನ್ಸ್‌ಗೋ ಬಸ್ಸು ಹತ್ತಬೇಕು. ಅಂದರೆ ಒಂದು ದಿನದ ಕೂಲಿ ಹೋಯಿತು. ಮೇಲಾಗಿ ‘ಧಾರವಾಡಕ್ಕ ಕರಕೊಂಡು ಹೋಗ್ಯಾರಂತ’ ಎಂಬ ಮಾತು ಹಬ್ಬಿದರೆ ಈ ಭಾಗದಲ್ಲಿ ಮಗಳ ಸಂಬಂಧ ಕೂಡಿ ಬರುವುದೂ ಕಷ್ಟ. ಆದರೆ ‘ಎದಿ ಡವಡವ ಅಂತೈತಿ, ಜೀವ ಹಾರಿದಂಗ ಆಕ್ಕೈತಿ’ ಎಂಬ ಸಂಕಟವನ್ನು ಅರ್ಧ ಗಂಟೆಯಲ್ಲಿ ತಣ್ಣಗಾಗಿಸುವ ಗುಳಿಗೆಗೆ ಅಷ್ಟು ಅಲೆಯಬೇಕಿಲ್ಲ. ಈ ನಾಡಿನ ಹಳ್ಳಿಗಳಿಗೆ ಅದು ಮನೋವೈದ್ಯರಿಗಿಂತ ಎಷ್ಟೋ ವರ್ಷ ಮೊದಲೇ ಬಂದು ಕೂತಿದೆ. ತೊಂದರೆ ಇರುವುದು ಗುಳಿಗೆ ಕೆಲಸ ಮಾಡುವುದಿಲ್ಲ ಎಂಬುದರಲ್ಲಲ್ಲ, ಬಲು ಬೇಗ, ಬಲು ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದರಲ್ಲಿ.

ಇದರ ವಂಶಾವಳಿ ಉದ್ದವಾಗಿದೆ. ಪ್ರತಿ ಹೊಸ ಔಷಧವೂ ‘ಹಿಂದಿನದರ ದೋಷ ಇದರಲ್ಲಿಲ್ಲ’ ಎಂದು ಹೇಳಿಕೊಂಡೇ ಪೇಟೆಗೆ ಬಂದದ್ದು. 1869ರಲ್ಲಿ ನಿದ್ದೆಗೆಂದು ಬಂದ ಕ್ಲೋರಲ್ ಹೈಡ್ರೇಟ್ ಚಟ ಹತ್ತಿಸುತ್ತದೆ ಎಂಬುದು ಬೇಗನೆ ಗೊತ್ತಾಯಿತು. ಅದು ಸತ್ತ ಔಷಧ ಎಂದುಕೊಳ್ಳಬೇಡಿ. ರಾಯಚೂರು ಸೀಮೆಯ ಕಲಬೆರಕೆ ಸೇಂದಿಯಲ್ಲಿ ‘ಸಿ.ಎಚ್. ಪೌಡರ್’ ಎಂಬ ಹೆಸರಿನಲ್ಲಿ ಸಿಗುವುದು ಇದೇ. ಗಡಿಯಾಚೆಯ ತೆಲಂಗಾಣದ ಸೇಂದಿಯಲ್ಲಂತೂ ಡಯಾಜಿಪಾಮ್, ಆಲ್‌ಪ್ರಝೋಲಾಮ್ ಎಂಬ ಆತಂಕದ ಗುಳಿಗೆಗಳ ಪುಡಿಯೂ ಸಿಕ್ಕಿದೆ. ಅಂಥ ಅಂಗಡಿ ಮುಚ್ಚಿಸಿದಾಗ ಕುಡಿಯುತ್ತಿದ್ದವರು ಕೈಕಾಲು ನಡುಗಿ, ಮೂರ್ಛೆ ಬಂದು ಆಸ್ಪತ್ರೆ ಸೇರಿದ್ದಾರೆ. ಹೆಂಡದ ಚಟವೆಂದು ನಾವು ಬೈಯುವುದರಲ್ಲಿ ಗುಳಿಗೆಯ ಪಾಲೆಷ್ಟು ಎಂದು ಕೇಳುವವರು ಕಡಿಮೆ.

ಕ್ಲೋರಲ್ ನಂತರ, 20ನೇ ಶತಮಾನದ ಆರಂಭಕ್ಕೆ, ಬಾರ್ಬಿಟ್ಯುರೇಟ್‌ಗಳು ಬಂದವು. ಮೂರ್ಛೆರೋಗದ ಮನೆಗಳಿಗೆ ಗೊತ್ತಿರುವ ಗಾರ್ಡಿನಾಲ್ ಈ ಕುಟುಂಬದ್ದು. ಅದಕ್ಕೆ ಇಂದಿಗೂ ಅದರದ್ದೇ ಮರ್ಯಾದೆಯಿದೆ. ಆದರೆ ನಿದ್ದೆಗೆಂದು ನುಂಗಿದಾಗ ತಕ್ಕ ಡೋಸಿಗೂ ಉಸಿರು ನಿಲ್ಲಿಸುವ ಡೋಸಿಗೂ ಅಂತರ ಕಡಿಮೆ. 1962ರಲ್ಲಿ ಮರ್ಲಿನ್ ಮನ್ರೋ ಸತ್ತಾಗ ದೇಹದಲ್ಲಿ ಸಿಕ್ಕಿದ್ದು ಬಾರ್ಬಿಟ್ಯುರೇಟ್ ಮತ್ತು ಅದೇ ಹಳೆಯ ಕ್ಲೋರಲ್. ನಡುವೆ ನಮ್ಮದೇ ಸರ್ಪಗಂಧ ಜಗತ್ತಿನ ಗಮನ ಸೆಳೆಯಿತು. ಮುಂಬೈಯ ಡಾ. ರುಸ್ತುಂ ಜಾಲ್ ವಕೀಲ್ ರಕ್ತದೊತ್ತಡಕ್ಕೆ ಅದರ ಬಳಕೆ ಕುರಿತು 1949ರಲ್ಲಿ ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಬರೆದರು. ಮನಸ್ಸನ್ನೂ ಅದು ಶಾಂತಗೊಳಿಸುತ್ತಿತ್ತು. ಆದರೆ ಕೆಲವರಲ್ಲಿ ಶಾಂತಿ ಖಿನ್ನತೆಯವರೆಗೂ ಇಳಿಯಿತೆಂಬ ವರದಿಗಳು ಬಂದವು.

1955ರಲ್ಲಿ ಅಮೆರಿಕದಲ್ಲಿ ಮಿಲ್‌ಟೌನ್ ಎಂಬ ಗುಳಿಗೆ ಭರ್ಜರಿಯಾಗಿ ಮಾರಾಟವಾಯಿತು. ಅದಕ್ಕೆ ಎದುರಾಳಿ ಬೇಕೆಂದು ರೋಶ್ ಕಂಪನಿ ತನ್ನ ರಸಾಯನಶಾಸ್ತ್ರಜ್ಞ ಲಿಯೋ ಸ್ಟರ್ನ್‌ಬಾಕ್‌ಗೆ ಹೇಳಿತು. ಅವರು ಹಿಂದೆ ಪೋಲೆಂಡಿನ ಕ್ರಾಕೋವ್‌ನಲ್ಲಿ ಬಣ್ಣಕ್ಕೆಂದು ಪ್ರಯೋಗಿಸಿ ಕೈಬಿಟ್ಟಿದ್ದ ರಾಸಾಯನಿಕಗಳನ್ನೇ ಮತ್ತೆ ಕೈಗೆತ್ತಿಕೊಂಡರು. ಏನೂ ಗಿಟ್ಟಲಿಲ್ಲ. 1957ರಲ್ಲಿ ಲ್ಯಾಬ್ ಸ್ವಚ್ಛ ಮಾಡುವಾಗ, ಪರೀಕ್ಷೆಯೇ ಆಗದೆ ಶೆಲ್ಫಿನ ಮೇಲೆ ಉಳಿದಿದ್ದ ಒಂದು ಪುಡಿಯನ್ನು ಸಹೋದ್ಯೋಗಿ ಎತ್ತಿ ತೋರಿಸಿದರು. ಎಸೆಯುವ ಮುಂಚೆ ಒಮ್ಮೆ ನೋಡೋಣವೆಂದು ಪ್ರಾಣಿಗಳಿಗೆ ಕೊಟ್ಟರೆ, ಅವು ಮಂಪರಿಗೆ ಬೀಳದೆಯೇ ಸೌಮ್ಯವಾದವು. 1960ರಲ್ಲಿ ಅದು ಲಿಬ್ರಿಯಮ್ ಆಯಿತು, 1963ರಲ್ಲಿ ಅದರ ತಮ್ಮ ಡಯಾಜಿಪಾಮ್ ವ್ಯಾಲಿಯಮ್ ಹೆಸರಿನಲ್ಲಿ ಬಂತು. ಒಂದನ್ನೇ ಹೆಚ್ಚು ನುಂಗಿದರೂ ಸಾಯುವುದು ಅಪರೂಪ ಎಂಬುದು ದೊಡ್ಡ ಗುಣ. ಆ ಗುಣ ಕಂಡು ವೈದ್ಯರು ಚೀಟಿ ಬರೆಯುವಾಗ ಕೈ ಬಿಗಿ ಹಿಡಿಯಲಿಲ್ಲ.

ಭಾರತದಲ್ಲಿ 1960ರ ದಶಕದ ಕೊನೆಗೆ ರ್‍ಯಾನ್‌ಬ್ಯಾಕ್ಸಿ ಡಯಾಜಿಪಾಮನ್ನೇ ಕಾಂಪೋಸ್ ಎಂದು ಮಾರಿತು. ನಿದ್ದೆ ಗುಳಿಗೆಗೆ ಅದೇ ಹೆಸರಾಗಿಬಿಟ್ಟಿತು. 1970ರ ಪೇಟೆಂಟ್ ಕಾಯ್ದೆ ಔಷಧಕ್ಕೆ ಪೇಟೆಂಟ್ ಕೊಡದೆ ತಯಾರಿಸುವ ವಿಧಾನಕ್ಕಷ್ಟೇ ಕೊಟ್ಟಿತು. ಕ್ಯಾನ್ಸರ್, ಹೃದಯದ ಔಷಧಗಳನ್ನು ಬಡವರ ಕೈಗೆಟುಕಿಸಿದ ಪುಣ್ಯದ ಕಾಯ್ದೆ ಅದು. 1981ರಲ್ಲಿ ಅಮೆರಿಕದಲ್ಲಿ ಬಂದ ಆಲ್‌ಪ್ರಝೋಲಾಮ್ ನಮ್ಮಲ್ಲಿ ಹತ್ತಾರು ಕಂಪನಿಗಳಿಂದ, ಹತ್ತಾರು ಹೆಸರಿನಲ್ಲಿ ಅಗ್ಗವಾಗಿ ಹರಿದುಬಂದದ್ದೂ ಅದೇ ಬಾಗಿಲಿನಿಂದ.

ಈ ಆಲ್‌ಪ್ರಝೋಲಾಮ್ ಹೇಗೆ ಹಿಡಿದುಕೊಳ್ಳುತ್ತದೆ ನೋಡಿ. ಮೆದುಳಿನ ಉದ್ವೇಗ ತಗ್ಗಿಸುವ ಗಾಬಾ ಎಂಬ ರಾಸಾಯನಿಕದ ಜೋರನ್ನು ಅದು ಹೆಚ್ಚಿಸುತ್ತದೆ. ಕೆಲವು ವಾರಗಳಲ್ಲಿ ಮೆದುಳು ಅದಕ್ಕೆ ಒಗ್ಗಿ, ತನ್ನ ಕಡೆಯಿಂದ ಮಾಡುತ್ತಿದ್ದ ಕೆಲಸವನ್ನು ಕಡಿಮೆ ಮಾಡುತ್ತದೆ. ಹನ್ನೊಂದು ಗಂಟೆಯ ಆಸುಪಾಸಿಗೆ ರಕ್ತದಲ್ಲಿ ಔಷಧ ಅರ್ಧಕ್ಕಿಳಿಯುತ್ತದೆ. ರಾತ್ರಿ ಊಟವಾದ ಮೇಲೆ 0.25 ಮಿಲಿಗ್ರಾಂ ನುಂಗಿದವರಿಗೆ ಮರುದಿನ ಹೊಲದಲ್ಲಿದ್ದಾಗಲೇ ಬೆವರು, ನಡುಕ ಶುರುವಾಗಬಹುದು. ‘ಗುಳಿಗಿ ಬಿಟ್ರ ಅದ ಬ್ಯಾನಿ ತಿರುಗಿ ಬರತೈತ್ರಿ’ ಎನ್ನುತ್ತಾರೆ. ಬಂದದ್ದು ಹಳೆಯ ಬ್ಯಾನಿಯೇ ಆಗಿರಬೇಕಿಲ್ಲ, ಗುಳಿಗೆಯೇ ತಂದ ಹೊಸದೂ ಆಗಿರಬಹುದು. ಎರಡನ್ನೂ ಬಿಡಿಸಿ ನೋಡಲು ತಿಳಿದ ವೈದ್ಯರೇ ಬೇಕು. ಅವರಿಲ್ಲದ ಕಡೆ ಅರ್ಧ ಗುಳಿಗೆ ಒಂದಾಗುತ್ತದೆ, 0.25 ಇದ್ದದ್ದು 0.5 ಆಗುತ್ತದೆ.

ವಯಸ್ಸಾದವರಿಗೆ ಅಪಾಯ ಇನ್ನೊಂದು ರೀತಿಯದು. ನಡುರಾತ್ರಿ ಮೂತ್ರಕ್ಕೆಂದು ಎದ್ದವರು ಹೊಸ್ತಿಲು ಎಡವಿ ಬಿದ್ದು ಸೊಂಟದ ಎಲುಬು ಮುರಿದುಕೊಳ್ಳುತ್ತಾರೆ. ಮರೆವು ಹೆಚ್ಚಿದರೆ ‘ವಯಸ್ಸಾತು’ ಎಂದು ಮನೆಯವರು ಸುಮ್ಮನಾಗುತ್ತಾರೆ. ಸಾರಾಯಿ, ವಿಸ್ಕಿ ಜೊತೆ ಬೆರೆತರೆ ಉಸಿರಿಗೇ ಸಂಚಕಾರ. ಇದೇ ಜಾತಿಯ ಔಷಧವೆಂದು ತಿಳಿಯದೆಯೂ ನುಂಗುವವರಿದ್ದಾರೆ: ಹೊಟ್ಟೆನೋವು, ಗ್ಯಾಸ್ ಎಂದು ಕೊಡುವ ಕೆಲವು ಗುಳಿಗೆಗಳಲ್ಲಿ ಕ್ಲೋರ್‌ಡಯಾಜಿಪಾಕ್ಸೈಡ್, ಅಂದರೆ ಸಾಕ್ಷಾತ್ ಲಿಬ್ರಿಯಮ್, ಸೇರಿರುತ್ತದೆ. ಪಟ್ಟಿಯ ಬೆನ್ನಿನ ಮೇಲಿನ ಸಣ್ಣ ಇಂಗ್ಲಿಷ್ ಅಕ್ಷರ ಯಾರು ಓದಬೇಕು?

ಬ್ರಿಟನ್ 1988ರಲ್ಲೇ ಈ ಗುಳಿಗೆಗಳು ಎರಡರಿಂದ ನಾಲ್ಕು ವಾರಕ್ಕಿಂತ ಹೆಚ್ಚು ಬೇಡ ಎಂದು ವೈದ್ಯರಿಗೆ ಹೇಳಿತ್ತು. ನಮ್ಮಲ್ಲಿ ಆಲ್‌ಪ್ರಝೋಲಾಮ್, ಡಯಾಜಿಪಾಮ್ ಸೇರಿದಂತೆ 46 ಔಷಧಗಳ ಎಚ್1 ಪಟ್ಟಿ 2014ರ ಮಾರ್ಚ್ 1ರಿಂದ ಜಾರಿಗೆ ಬಂತು. ಅಂಗಡಿಯವರು ರೋಗಿಯ ಮತ್ತು ವೈದ್ಯರ ಹೆಸರು ಬರೆದಿಟ್ಟು, ಆ ಪುಸ್ತಕವನ್ನು ಮೂರು ವರ್ಷ ಕಾಪಾಡಬೇಕು. ನಿಯಮ ಒಳ್ಳೆಯದೇ. ಆದರೆ ಅಂಗಡಿ ಕಟ್ಟುನಿಟ್ಟಾದ ದಿನ, ವರ್ಷಗಟ್ಟಲೆ ನುಂಗಿದವರ ಗತಿಯೇನು ಎಂಬುದು ಆ ಪುಸ್ತಕದಲ್ಲಿಲ್ಲ.

ಬೇರೆ ದಾರಿಯನ್ನು ತೋರಿಸಿದ್ದೂ ಕರ್ನಾಟಕವೇ. 1985ರಿಂದ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಮನೋರೋಗದ ಚಿಕಿತ್ಸೆ ಕಲಿಸಿತು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು ಅದೇ ಮಾದರಿಯಲ್ಲಿ. ಆದರೂ 2015–16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಆತಂಕ–ಖಿನ್ನತೆಯಂಥ ಸಾಮಾನ್ಯ ಕಾಯಿಲೆಯವರಲ್ಲಿ ನೂರಕ್ಕೆ 85 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಚಿಕಿತ್ಸೆ ಸಿಗಲಿಲ್ಲ ಎಂದರೆ ಗುಳಿಗೆ ಸಿಗಲಿಲ್ಲ ಎಂದೇನೂ ಅರ್ಥವಲ್ಲ.

ಇದನ್ನು ಓದಿ ಇಂದು ರಾತ್ರಿಯೇ ಗುಳಿಗೆ ಎಸೆಯುವವರಿದ್ದರೆ, ದಯವಿಟ್ಟು ಬೇಡ. ಬಹುಕಾಲ ನುಂಗಿದ್ದನ್ನು ಒಮ್ಮೆಲೇ ಬಿಟ್ಟರೆ ಮೂರ್ಛೆ ಬರಬಹುದು, ಜೀವಕ್ಕೇ ಕುತ್ತಾಗಬಹುದು. 1982ರಿಂದ 12 ವರ್ಷ ಇಂಥವರಿಗಾಗಿಯೇ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಕ್ಲಿನಿಕ್ ನಡೆಸಿದ ಡಾ. ಹೆದರ್ ಆ್ಯಷ್ಟನ್ ಅವಸರ ಮಾಡುತ್ತಿರಲಿಲ್ಲ: ನಿಧಾನವಾಗಿ ಕರಗುವ ಡಯಾಜಿಪಾಮ್‌ಗೆ ಬದಲಿಸಿ, ಸ್ವಲ್ಪ ಸ್ವಲ್ಪವೇ ತಿಂಗಳುಗಟ್ಟಲೆ ಇಳಿಸುವುದು. ಎಷ್ಟು, ಯಾವಾಗ ಎಂಬುದನ್ನು ವೈದ್ಯರೇ ಹೇಳಬೇಕು. ಆತಂಕಕ್ಕೆ ಚಟ ಹತ್ತಿಸದ ಬೇರೆ ಔಷಧಗಳಿವೆ. ಅವು ಕೆಲಸ ಶುರುಮಾಡಲು ಎರಡು–ಮೂರು ವಾರ ಹಿಡಿಯುವುದರಿಂದ ‘ಇದು ನಾಟಲಿಲ್ಲ’ ಎಂದು ಬಿಟ್ಟುಬಿಡುವವರೇ ಹೆಚ್ಚು. ಆಪ್ತಸಲಹೆಗೂ ಅದೇ ತಾಳ್ಮೆ ಬೇಕು. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರ ಯಾವುದೆಂದು ಆಶಾ ಕಾರ್ಯಕರ್ತೆಯನ್ನು ಕೇಳಬಹುದು, 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯವರು ಕನ್ನಡದಲ್ಲೇ ಮಾತನಾಡುತ್ತಾರೆ. ವೈದ್ಯರ ಬಳಿ ಹೋಗುವಾಗ ಮನೆಯಲ್ಲಿರುವ ಎಲ್ಲ ಗುಳಿಗೆ ಪಟ್ಟಿಗಳನ್ನೂ, ಗ್ಯಾಸಿನದನ್ನೂ ಸೇರಿಸಿ, ಕೈಚೀಲದಲ್ಲಿ ಹಾಕಿಕೊಂಡು ಹೋಗಿ.