ಕರಾರು, ಪೈಪೋಟಿ ಮತ್ತು ಕಾಯಿದೆ

ಅಜ್ಜಂಪುರದ ಸುತ್ತಿನ ಈರುಳ್ಳಿ, ಕಡೂರಿನ ತೆಂಗು, ತರೀಕೆರೆಯ ಅಡಿಕೆ ಇವು ಹೊಲ ತೋಟಗಳನ್ನು ಬಿಟ್ಟು ಪರವೂರಿನ ಅಂಗಡಿಯನ್ನು ಸೇರುವುದರೊಳಗೆ ಎಷ್ಟು ಕರಾರುಗಳನ್ನು ದಾಟುತ್ತವೆಂಬುದನ್ನು ನಾವು ಎಣಿಸುವುದಿಲ್ಲ. ಅವುಗಳಲ್ಲಿ ಬಹುಪಾಲು ಕಾಗದದ ಮೇಲೆ ಇರುವುದೇ ಇಲ್ಲ. 'ಹೂಂ' ಎಂದರೆ ಕರಾರು. ಮುಂಗಡ ಕೈಗೆ ಬಂದರೆ ಕರಾರು. ಹೀಗಿರುವಾಗ ದೆಹಲಿಯಲ್ಲಿ ಬದಲಾಗುವ ಪೈಪೋಟಿಯ ಕಾಯಿದೆಗೂ ನಮ್ಮ ಮಂಡಿಗೂ ಏನು ಸಂಬಂಧವೆಂದು ಯಾರಾದರೂ ಕೇಳಿಯಾರು. ಸಂಬಂಧವುಂಟು. ಅದನ್ನು ನಾನು ತಿಳಿದಮಟ್ಟಿಗೆ ವಿವರಿಸುತ್ತೇನೆ.

ನಮ್ಮ ದೇಶದ ಕರಾರು ಕಾಯಿದೆ 1872ರದು. ಒಬ್ಬನು ನ್ಯಾಯವಾದ ವ್ಯಾಪಾರ ಮಾಡದಂತೆ ತಡೆಯುವ ಕರಾರು ಅಷ್ಟರಮಟ್ಟಿಗೆ ಅಸಿಂಧುವೆಂದು ಅದರ 27ನೆಯ ಕಲಮು ಹೇಳುತ್ತದೆ. ಆದರೆ ಆ ಕಾಯಿದೆ ನೋಡುವುದು ಸಹಿ ಹಾಕಿದ ಇಬ್ಬರನ್ನು. ಅವರಿಬ್ಬರೂ ಸಂತೋಷದಿಂದ ಕೂಡಿ ಮೂರನೆಯವನ ಹೊಟ್ಟೆಯ ಮೇಲೆ ಹೊಡೆದರೆ? ಇದನ್ನು ನೋಡಲೆಂದು 1969ರಲ್ಲಿ ಏಕಸ್ವಾಮ್ಯ ಮತ್ತು ನಿರ್ಬಂಧಕ ವ್ಯಾಪಾರ ಪದ್ಧತಿಗಳ ಕಾಯಿದೆ ಬಂದಿತು. ಅದರ ಸ್ಥಾನಕ್ಕೆ ಬಂದುದು 2002ರ ಸ್ಪರ್ಧಾ ಕಾಯಿದೆ. ಅದರಲ್ಲಿ ಕರಾರುಗಳಿಗೆ ಸಂಬಂಧಪಟ್ಟ 3ನೆಯ ಕಲಮು ಜಾರಿಗೆ ಬಂದದ್ದು 2009ರ ಮೇ 20ರಂದು. 2023ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿಯಾಯಿತು.

ಈ ಕಾಯಿದೆಯ ಜಾಣತನವಿರುವುದು 'ಒಪ್ಪಂದ' ಎಂಬ ಮಾತಿಗೆ ಅದು ಕೊಟ್ಟಿರುವ ಅರ್ಥದಲ್ಲಿ. ಬರೆದದ್ದೇ ಆಗಬೇಕೆಂದಿಲ್ಲ, ನ್ಯಾಯಾಲಯದಲ್ಲಿ ಜಾರಿ ಮಾಡಿಸುವಂಥದ್ದೇ ಆಗಬೇಕೆಂದಿಲ್ಲ. ಪರಸ್ಪರ ತಿಳಿವಳಿಕೆಯೂ ಒಪ್ಪಂದವೇ. ಹರಾಜಿಗೆ ಮುಂಚೆ ಚಹಾದಂಗಡಿಯಲ್ಲಿ ನಾಲ್ವರು ಖರೀದಿದಾರರು ಕೂತು 'ಇವತ್ತು ಇದಕ್ಕಿಂತ ಮೇಲೆ ಕೂಗುವುದು ಬೇಡ' ಎಂದರೆ ಸಾಕು, ಅದು ಕೂಟ. ಬೆಲೆ ಗೊತ್ತುಮಾಡುವುದು, ಸರಕನ್ನು ತಡೆಹಿಡಿಯುವುದು, ಊರೂರು ಹಂಚಿಕೊಳ್ಳುವುದು, ಹರಾಜು ಕೂಗುವುದರಲ್ಲಿ ಒಳಸಂಚು ನಡೆಸುವುದು, ಇವನ್ನು ಒಂದೇ ವ್ಯಾಪಾರದವರು ಸೇರಿ ಮಾಡಿದರೆ ಅದರಿಂದ ಹಾನಿಯಾಗುವುದೆಂದೇ ಕಾಯಿದೆ ಭಾವಿಸುತ್ತದೆ. ಅಲ್ಲವೆಂದು ತೋರಿಸುವ ಹೊರೆ ಮಾಡಿದವರದು. ಅವರ ನಡುವೆ ಮಾತು ಸಾಗಿಸಿ ನೆರವಾದವನು ಬೇರೆ ವ್ಯಾಪಾರದವನಾದರೂ ಪಾರಾಗುವುದಿಲ್ಲವೆಂಬುದು 2023ರ ಸೇರ್ಪಡೆ.

ಈರುಳ್ಳಿಯ ಮಾತು ಸುಮ್ಮನೆ ತೆಗೆದದ್ದಲ್ಲ. ಸ್ಪರ್ಧಾ ಆಯೋಗವೇ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಸಂಸ್ಥೆಯಿಂದ ಮಹಾರಾಷ್ಟ್ರ, ಕರ್ನಾಟಕಗಳ ಈರುಳ್ಳಿ ಮಾರುಕಟ್ಟೆಗಳ ಅಧ್ಯಯನ ಮಾಡಿಸಿತು. 2012ರ ಆ ವರದಿ ಕೆಲವೇ ದೊಡ್ಡ ವರ್ತಕರ ಹಿಡಿತವನ್ನು ಎತ್ತಿ ತೋರಿಸಿತು. ಈರುಳ್ಳಿ ಬೆಳೆಯುವ ಮನೆಯಲ್ಲಿ ಹುಟ್ಟಿದ ನನಗೆ ಇದು ಹೊಸ ಸುದ್ದಿಯಲ್ಲ. ಆದರೆ ನಮ್ಮ ಜಗಲಿಯ ಮಾತು ವರದಿಯ ಪುಟಕ್ಕೆ ಏರಿದ್ದು ಹೊಸದು.

ಕನ್ನಡ ನಾಡಿನಲ್ಲಿ ಹೆಚ್ಚು ಸದ್ದು ಮಾಡಿದ ಪ್ರಕರಣ ಮಾತ್ರ ಮಂಡಿಯದಲ್ಲ, ಸಿನಿಮಾದ್ದು. ಡಬ್ಬಿಂಗ್ ಚಿತ್ರಗಳು ಬರದಂತೆ ತಡೆದುದಕ್ಕಾಗಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೂ ಇನ್ನಿತರ ಸಂಘಗಳಿಗೂ ಆಯೋಗ 2015ರಲ್ಲಿ ದಂಡ ವಿಧಿಸಿತು. ಭಾಷಾಭಿಮಾನದ ಪ್ರಶ್ನೆ ಬೇರೆ, ಸಂಘ ಕಟ್ಟಿ ಇನ್ನೊಬ್ಬರ ಸರಕಿಗೆ ಬಾಗಿಲು ಹಾಕುವ ಪ್ರಶ್ನೆ ಬೇರೆ. ನನಗೆ ಆಯೋಗದ ನಿಲುವೇ ಸರಿಯೆಂದು ತೋರುತ್ತದೆ. ಒಪ್ಪದ ಮಿತ್ರರು ನಮ್ಮ ತರಗತಿಯಲ್ಲಿಯೇ ಇದ್ದಾರೆ.

ಇನ್ನು ಎರಡನೆಯ ಬಗೆಯವು, ಮೇಲಿನವನಿಗೂ ಕೆಳಗಿನವನಿಗೂ ನಡುವಿನ ಕರಾರುಗಳು. ಕಡೂರಿನಲ್ಲಿ ನಮ್ಮ ಚಿಕ್ಕಪ್ಪನವರದು ನೀರಾವರಿ ಕೊಳವೆಗಳ ಸಣ್ಣ ಅಂಗಡಿ. ಕಳೆದ ವರ್ಷ ಕಂಪನಿಯವರು ಹನ್ನೊಂದು ಪುಟದ ಇಂಗ್ಲಿಷ್ ಕರಾರನ್ನು ಕಳಿಸಿದರು. "ಮನೇಲಿ ಓದಿದೋನು ನೀನೊಬ್ಬ ಇದೀಯ, ಏನು ಬರ್ದಿದಾರೆ ನೋಡಪ್ಪ" ಎಂದರು. ನೋಡಿದೆ. ಪಟ್ಟಿಯ ಬೆಲೆಗಿಂತ ಕಡಿಮೆಗೆ ಮಾರಕೂಡದು, ಬೇರೆ ಕಂಪನಿಯ ಕೊಳವೆ ಇಡಕೂಡದು, ಇವು ಎರಡು ಷರತ್ತುಗಳು.

ಇಲ್ಲಿ ಅನೇಕರಿಗೆ ಗೊಂದಲವಾಗುತ್ತದೆ. ಡಬ್ಬಿಯ ಮೇಲೆ ಮುದ್ರಿಸುವ ಗರಿಷ್ಠ ಬೆಲೆ ಮೇಲಿನ ಮಿತಿ, ಅದರಲ್ಲಿ ದೋಷವಿಲ್ಲ. ಕೆಳಗಿನ ಮಿತಿ ಹಾಕುವುದೇ ತೊಡಕು. 'ಇದಕ್ಕಿಂತ ಕಡಿಮೆ ಬೆಲೆಗೂ ಮಾರಬಹುದು' ಎಂಬ ಒಂದು ವಾಕ್ಯ ಸ್ಪಷ್ಟವಾಗಿದ್ದರೆ ಕರಾರು ಆ ತೊಡಕಿನಿಂದ ಪಾರಾಗುತ್ತದೆ. ಮಾರಾಟಗಾರರು ಗಿರಾಕಿಗೆ ರಿಯಾಯಿತಿ ಕೊಡದಂತೆ ತಡೆದರೆಂದು 2021ರಲ್ಲಿ ಮಾರುತಿ ಸುಜುಕಿ ಕಂಪನಿಗೆ ಆಯೋಗ 200 ಕೋಟಿ ರೂಪಾಯಿ ದಂಡ ಹಾಕಿತು. ಕಂಪನಿ ಮೇಲ್ಮನವಿ ಸಲ್ಲಿಸಿತು.

ಎರಡನೆಯ ಷರತ್ತು ತಾನಾಗಿಯೇ ತಪ್ಪಲ್ಲ. ಅದರಿಂದ ಮಾರುಕಟ್ಟೆಯ ಪೈಪೋಟಿಗೆ ಗಣನೀಯ ಹಾನಿಯಾದರೆ ಮಾತ್ರ ತಪ್ಪು. ಹತ್ತು ಕಂಪನಿಗಳಿರುವಲ್ಲಿ ಸಣ್ಣ ಕಂಪನಿಯೊಂದು ಇಂಥ ಷರತ್ತು ಹಾಕಿದರೆ ಯಾರಿಗೂ ನಷ್ಟವಿಲ್ಲ. ತಾಲ್ಲೂಕಿನ ಅಂಗಡಿಗಳೆಲ್ಲ ಒಂದೇ ಕಂಪನಿಗೆ ಕಟ್ಟುಬಿದ್ದರೆ ಹೊಸಬನು ಎಲ್ಲಿ ಮಾರಬೇಕು? 2023ರ ತಿದ್ದುಪಡಿ ಇದನ್ನು ಇನ್ನಷ್ಟು ಹಿಗ್ಗಿಸಿತು. ಮೊದಲು ಕೊಳ್ಳುವವನನ್ನು ಕಟ್ಟಿಹಾಕುವ ಕರಾರನ್ನಷ್ಟೇ ಹೇಳುತ್ತಿದ್ದುದು ಈಗ ಮಾರುವವನನ್ನು ಕಟ್ಟಿಹಾಕುವುದನ್ನೂ ಒಳಗೊಂಡಿದೆ. ಮಿಡಿಸೌತೆಯಂಥ ಬೆಳೆಯನ್ನು ಕಂಪನಿಯೊಡನೆ ಕರಾರು ಮಾಡಿ ಬೆಳೆಯುವ ರೈತರು ಇದನ್ನು ಗಮನಿಸಬೇಕು.

ಹಳೆಯ ಕರಾರನ್ನು ಪ್ರತಿ ಬಾರಿ ದಿನಾಂಕ ಬದಲಿಸಿ ಸಹಿ ಮಾಡುವುದು ಕಂಪನಿಗೂ ಅಪಾಯವೇ. ದಂಡ ಲೆಕ್ಕಹಾಕಲು ಈಗ ಅದರ ಇಡೀ ಜಗತ್ತಿನ ವಹಿವಾಟನ್ನು ಹಿಡಿಯಬಹುದು. ಇತ್ತ ದೂರು ಕೊಡುವವನಿಗೂ ಮೂರು ವರ್ಷಗಳ ಅವಧಿ ಗೊತ್ತಾಗಿದೆ; ತಡಕ್ಕೆ ತಕ್ಕ ಕಾರಣವಿದ್ದರೆ ಮಾತ್ರ ವಿನಾಯಿತಿ. ಆದ್ದರಿಂದ ಕರಾರಿನ ಪ್ರತಿ, ಪಟ್ಟಿ, ಕಂಪನಿಯವರ ಮೊಬೈಲ್ ಸಂದೇಶಗಳನ್ನೆಲ್ಲ ಜೋಪಾನ ಮಾಡಿರೆಂದು ಚಿಕ್ಕಪ್ಪನವರಿಗೆ ಹೇಳಿದೆ.

ಅವರು ಆಯೋಗದವರೆಗೆ ಹೋಗುವವರಲ್ಲ. ದೆಹಲಿ ದೂರ, ಕಂಪನಿಯ ಸಾಲದ ಬಾಕಿ ಹತ್ತಿರ. ಆದರೂ ಕರಾರು ನವೀಕರಿಸಲು ಪ್ರತಿನಿಧಿ ಮುಂದಿನ ತಿಂಗಳು ಬರುವನೆಂದು ತಿಳಿದು, ಆ ಎರಡು ಷರತ್ತುಗಳ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದಿಟ್ಟಿದ್ದಾರೆ. ಮೊದಲನೆಯದರ ಪಕ್ಕದಲ್ಲಿ ಸೇರಿಸಬೇಕಾದ ವಾಕ್ಯವನ್ನು ನನ್ನಿಂದಲೇ ಇಂಗ್ಲಿಷಿನಲ್ಲಿ ಬರೆಸಿಕೊಂಡಿದ್ದಾರೆ.