ಅನುದಾನದ ಪ್ರಸ್ತಾವನೆ: ಕಾಲೇಜಿನಲ್ಲೇ ಕಲಿಯಬೇಕಾದ ಕಸುಬು

ಸರ್ಕಾರದ ನೆರವಿನ ಯೋಜನೆಗಳ ಹೆಸರು ಅನೇಕ ಸಣ್ಣ ಉದ್ದಿಮೆದಾರರಿಗೆ ಗೊತ್ತಿರುತ್ತದೆ. ಆದರೆ ಅರ್ಜಿಯೊಡನೆ ಯೋಜನಾ ವರದಿ ಸಲ್ಲಿಸಬೇಕೆಂದೊಡನೆ ಕೆಲವರು ಹಿಂಜರಿಯುತ್ತಾರೆ. ಇನ್ನು ಕೆಲವರು ಯಾರದೋ ಹಳೆಯ ವರದಿಯಲ್ಲಿ ಹೆಸರು, ವಿಳಾಸ ಬದಲಿಸಿ ಸಲ್ಲಿಸುತ್ತಾರೆ. ಅರ್ಹ ಘಟಕಗಳು ನೆರವಿನಿಂದ ವಂಚಿತವಾಗುವುದು ಹೀಗೆಯೇ. ಈ ಕೊರತೆಯನ್ನು ತುಂಬುವ ಸಾಮರ್ಥ್ಯವನ್ನು ಕಾಲೇಜು ವಿದ್ಯಾರ್ಥಿಗಳಲ್ಲಿ ಬೆಳೆಸಬಹುದಾಗಿದೆ.

ಇಲ್ಲಿನ ಮೊತ್ತಗಳು ಅಲ್ಪವಲ್ಲ. 2008ರಲ್ಲಿ ಆರಂಭವಾದ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ತಯಾರಿಕಾ ಘಟಕದ ಗರಿಷ್ಠ ಯೋಜನಾ ವೆಚ್ಚವನ್ನು 2022ರಲ್ಲಿ 25 ಲಕ್ಷದಿಂದ 50 ಲಕ್ಷ ರೂಪಾಯಿಗೆ ಏರಿಸಲಾಯಿತು. ಹೊಸ ಘಟಕಕ್ಕೆ ಸಹಾಯಧನದ ಪ್ರಮಾಣವನ್ನು, ಅರ್ಜಿದಾರರ ವರ್ಗ ಹಾಗೂ ಸ್ಥಳಕ್ಕನುಗುಣವಾಗಿ, ಶೇ. 15ರಿಂದ 35ರವರೆಗೆ ನಿಗದಿಪಡಿಸಲಾಯಿತು. 2021ರ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್ ಯೋಜನೆಯು ಹೊಸ ಉತ್ಪನ್ನದ ಮಾದರಿ ತಯಾರಿಕೆ, ಪರೀಕ್ಷೆಗಳಿಗೆ 20 ಲಕ್ಷ ರೂಪಾಯಿವರೆಗೆ ಅನುದಾನದ ಅವಕಾಶ ಕಲ್ಪಿಸಿತು.

ಪ್ರಸ್ತಾವನೆ ಬರೆಯುವುದೆಂದರೆ ಅಲಂಕಾರದ ಭಾಷೆಯಲ್ಲಿ ಬೇಡಿಕೆ ಮಂಡಿಸುವುದಲ್ಲ. ಚನ್ನಪಟ್ಟಣದ ಆಟಿಕೆ ಘಟಕವೊಂದು ಲೇತ್ ಯಂತ್ರಕ್ಕೆ ನೆರವು ಕೋರುತ್ತದೆ ಎನ್ನೋಣ. "ಯಂತ್ರ ಹಳೆಯದಾಗಿದೆ" ಎಂದರೆ ಸಾಲದು. ತಿಂಗಳಿಗೆ ಎಷ್ಟು ಗಂಟೆ ಕೆಲಸ ನಿಲ್ಲುತ್ತಿದೆ, ಎಷ್ಟು ಆಟಿಕೆಗಳು ತಿರಸ್ಕೃತವಾಗುತ್ತಿವೆ, ಹೊಸ ಯಂತ್ರದ ಕೊಟೇಷನ್ ಎಷ್ಟು, ಹೆಚ್ಚುವ ಸರಕನ್ನು ಕೊಳ್ಳುವವರು ಯಾರು ಎಂಬುದನ್ನು ದಾಖಲೆಸಹಿತ ತೋರಿಸಬೇಕು. ವಿವರಣೆಗೂ ವೆಚ್ಚದ ಪಟ್ಟಿಗೂ ತಾಳೆಯಾಗಬೇಕು.

ಈ ಅಭ್ಯಾಸ ನಮ್ಮ ರಾಜ್ಯಕ್ಕೆ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು 1970ರ ದಶಕದಲ್ಲೇ ವಿದ್ಯಾರ್ಥಿ ಯೋಜನಾ ಕಾರ್ಯಕ್ರಮವನ್ನು ಆರಂಭಿಸಿ, ಎಂಜಿನಿಯರಿಂಗ್ ವಿದ್ಯಾರ್ಥಿಗಳ ಆಯ್ದ ಪ್ರಸ್ತಾವನೆಗಳಿಗೆ ಧನಸಹಾಯ ನೀಡುತ್ತ ಬಂದಿದೆ. ವಾಣಿಜ್ಯ ಮತ್ತು ಕಲಾ ವಿಭಾಗದವರಿಗೂ ಇಂತಹ ತರಬೇತಿ ದೊರೆಯಬೇಕು. 2013ರ ಕಂಪನಿ ಕಾಯ್ದೆಯು ನಿಗದಿತ ಮಿತಿ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ನ್ನು ಸಾಮಾಜಿಕ ಹೊಣೆಗಾರಿಕೆಗೆ ವಿನಿಯೋಗಿಸಬೇಕೆಂದು ವಿಧಿಸಿದ ಮೇಲೆ, ಸ್ವಯಂಸೇವಾ ಸಂಸ್ಥೆಗಳಿಗೂ ಪ್ರಸ್ತಾವನೆ ಬರೆಯಬಲ್ಲವರು ಬೇಕಾಗಿದ್ದಾರೆ.

ಸಂಭಾವನೆಯ ವಿಷಯದಲ್ಲಿ ಎಚ್ಚರ ಅಗತ್ಯ. ಮಂಜೂರಾದ ಹಣದಲ್ಲಿ ಪಾಲು ಕೊಡುವ ಒಪ್ಪಂದವು ಅಂಕಿಗಳನ್ನು ಉಬ್ಬಿಸಲು ಪ್ರೇರೇಪಿಸುತ್ತದೆ. ಕೆಲಸಕ್ಕೆ ತಕ್ಕ ನಿಗದಿತ ಶುಲ್ಕವೇ ಲೇಸು.

ಉದ್ದಿಮೆದಾರರು ಸಮೀಪದ ಕಾಲೇಜಿನ ಒಬ್ಬಿಬ್ಬರು ವಿದ್ಯಾರ್ಥಿಗಳಿಗೆ ರಜಾ ಅವಧಿಯಲ್ಲಿ ತಮ್ಮ ಘಟಕದ ಉತ್ಪಾದನೆ, ವೆಚ್ಚಗಳನ್ನು ಅಭ್ಯಸಿಸಲು ಅವಕಾಶವಿತ್ತರೆ ವಿದ್ಯಾರ್ಥಿಗೆ ಕಸುಬು ಕೈಗೂಡುತ್ತದೆ. ಅರ್ಜಿ ಮಂಜೂರಾಗದಿದ್ದರೂ, ತನ್ನ ಲೆಕ್ಕಾಚಾರ ಎಲ್ಲಿ ಸೋರುತ್ತಿದೆ ಎಂಬುದಾದರೂ ಮಾಲೀಕನಿಗೆ ತಿಳಿಯುತ್ತದೆ.